ನಿಮ್ಮ ಕಥೆಯಲ್ಲಿ ಇತರರ ಪಾಲು

ಆತ್ಮಕಥನ ಮತ್ತು ನೆನಪಿನ ಬರಹಗಳ ಬಗ್ಗೆ ಬಂದಿರುವ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಕೈಗೆತ್ತಿಕೊಂಡಿದ್ದೇನೆ. ಪತ್ರ ಬರೆದವರ ಗುರುತು ಸಿಗದಂತೆ ಹೆಸರು ಮತ್ತು ಉದ್ಯೋಗದ ವಿವರಗಳನ್ನು ಬಿಟ್ಟಿದ್ದೇನೆ, ವಿಷಯವೇ ಅಂಥದ್ದು.

ಪ್ರಶ್ನೆ: ನಿವೃತ್ತಳಾದ ಮೇಲೆ ನನ್ನ ಬಾಲ್ಯದ ನೆನಪುಗಳನ್ನು ಬರೆಯುತ್ತಿದ್ದೇನೆ. ಅಪ್ಪ ಕುಡಿದು ಬಂದು ನಮ್ಮನ್ನೆಲ್ಲ ಹೊಡೆಯುತ್ತಿದ್ದರು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಅಮ್ಮ ಇದ್ದಾರೆ, ಈಗಲೂ ಓದುತ್ತಾರೆ. ಬರೆದ ಎರಡು ಅಧ್ಯಾಯಗಳನ್ನು ಗೆಳತಿಗೆ ಕೊಟ್ಟಾಗ, ತನ್ನ ಮನೆಯಲ್ಲಿಯೂ ಹೀಗೆಯೇ ಇತ್ತೆಂದು ಅವಳು ಮೊದಲ ಬಾರಿಗೆ ನನ್ನೊಂದಿಗೆ ಹೇಳಿಕೊಂಡಳು. ಪ್ರಕಟಿಸುವ ಧೈರ್ಯ ನನಗೆ ಬಂದದ್ದು ಆಗಲೇ. ಆದರೆ ತಮ್ಮ, ‘ಸತ್ತವರು ಎದ್ದು ಬಂದು ಉತ್ತರ ಕೊಡಲಾರರು, ಅಮ್ಮನ ಕೊನೆಗಾಲದಲ್ಲಿ ಮನೆಯ ಮಾನವನ್ನು ಬೀದಿಗೆ ತರಬೇಡ’ ಎನ್ನುತ್ತಾನೆ. ಅಕ್ಕ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದ ಸಂಗತಿಯೂ ಬರಹದಲ್ಲಿದೆ. ಅದು ಅವಳ ಗಂಡನ ಮನೆಯವರಿಗೆ ತಿಳಿಯದು. ಇದು ನನ್ನ ಬದುಕು ತಾನೇ? ನಾನು ಯಾರ ಅಪ್ಪಣೆ ಕೇಳಬೇಕು?

ಉತ್ತರ: ಬರೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಪ್ರಕಟಿಸುವುದು ಬೇರೆಯೇ ನಿರ್ಧಾರ. ಇವೆರಡನ್ನೂ ಒಂದೇ ಎಂದುಕೊಂಡಿರುವುದರಿಂದಲೇ ನಿಮಗೂ ನಿಮ್ಮ ತಮ್ಮನಿಗೂ ಮಾತು ಬೆಳೆದಿದೆ ಎಂದು ನನಗೆ ಅನಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಮತ್ತು ಅವರ ಸಹೋದ್ಯೋಗಿ 1986ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕಾಲೇಜು ವಿದ್ಯಾರ್ಥಿಗಳು ತಮ್ಮ ಬದುಕಿನ ಅತ್ಯಂತ ನೋವಿನ ಘಟನೆಯ ಬಗ್ಗೆ ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದಿದ್ದರು. ಬರೆದ ಕೂಡಲೇ ಅವರ ಮನಸ್ಸು ಮೊದಲಿಗಿಂತ ಭಾರವಾಗಿತ್ತು. ಆದರೆ ಘಟನೆಯನ್ನೂ ಅದರ ಜೊತೆಗಿನ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಇಲ್ಲಿ ಗಮನಿಸಬೇಕಾದದ್ದು, ಅವರು ಬರೆದದ್ದು ಗೋಪ್ಯವಾಗಿಯೇ ಉಳಿಯಿತು ಎಂಬುದು. ಬರೆಯುವವರಿಗೆ ಬರವಣಿಗೆಯಿಂದ ಸಿಗುವ ಹಗುರಕ್ಕೆ ಅಚ್ಚುಮನೆಯ ಅಗತ್ಯವಿಲ್ಲ. ಆದ್ದರಿಂದ ಮೊದಲ ಕರಡನ್ನು ಯಾರಿಗೂ ಅಂಜದೆ, ಯಾರನ್ನೂ ಬಿಡದೆ, ಕೊನೆಯವರೆಗೆ ಬರೆದು ಮುಗಿಸಿ. ಅದು ಮುಗಿಯುವ ತನಕ ತಮ್ಮನೊಂದಿಗೆ ವಾದಕ್ಕೆ ಇಳಿಯಬೇಡಿ. ಇನ್ನೂ ಬರೆಯದ ಪುಟದ ಬಗ್ಗೆ ನಡೆಯುವ ಜಗಳದಲ್ಲಿ ಇಬ್ಬರೂ ತಮ್ಮ ತಮ್ಮ ಭಯವನ್ನೇ ಓದಿಕೊಳ್ಳುತ್ತಾರೆ.

ಪ್ರಕಟಣೆಯ ಪ್ರಶ್ನೆ ಎದುರಾದಾಗ ‘ಮನೆಯವರು’ ಎಂಬ ಒಂದೇ ಗಂಟು ಕಟ್ಟಬೇಡಿ. ನಿಮ್ಮ ಪತ್ರದಲ್ಲಿರುವ ಒಬ್ಬೊಬ್ಬರ ಸ್ಥಿತಿಯೂ ಬೇರೆ.

ಅಪ್ಪ ನಿಮಗೆ ಮಾಡಿದ್ದು ನಿಮ್ಮ ಅನುಭವ. ಅದನ್ನು ಹೇಳುವ ಹಕ್ಕು ನಿಮ್ಮದೇ. ಬ್ರಿಟನ್ನಿನ ಪಿಯಾನೊ ವಾದಕ ಜೇಮ್ಸ್ ರೋಡ್ಸ್ ತಾವು ಬಾಲ್ಯದಲ್ಲಿ ಅನುಭವಿಸಿದ ಲೈಂಗಿಕ ದೌರ್ಜನ್ಯದ ಬಗ್ಗೆ ಆತ್ಮಕಥನ ಬರೆದಾಗ, ಅದನ್ನು ಓದಿದರೆ ಮಗನ ಮನಸ್ಸಿಗೆ ತೀವ್ರ ಆಘಾತವಾಗುತ್ತದೆಂದು ಅವರ ಮಾಜಿ ಪತ್ನಿ ನ್ಯಾಯಾಲಯದ ಮೊರೆ ಹೋದರು. ಮೇಲ್ಮನವಿ ನ್ಯಾಯಾಲಯ 2014ರಲ್ಲಿ ತಾತ್ಕಾಲಿಕ ತಡೆ ನೀಡಿತು. 2015ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ತಡೆಯನ್ನು ತೆರವುಗೊಳಿಸಿತು. ತನಗಾದದ್ದನ್ನು ಜಗತ್ತಿಗೆ ಹೇಳುವ ಹಕ್ಕಿನ ಜೊತೆಗೆ, ಅದನ್ನು ಯಾವ ಮಾತುಗಳಲ್ಲಿ ಹೇಳಬೇಕೆಂಬುದನ್ನು ಆರಿಸಿಕೊಳ್ಳುವ ಹಕ್ಕೂ ಲೇಖಕನಿಗೆ ಇದೆಯೆಂಬುದು ಆ ತೀರ್ಪಿನ ಸಾರ. ಹಾಗೆಂದು ಆ ತಾಯಿಯ ಆತಂಕ ಸುಳ್ಳೆಂದು ಯಾರೂ ಹೇಳಲಿಲ್ಲ. ಕಾನೂನು ತಡೆಯದ ಮಾತ್ರಕ್ಕೆ ನೋವು ಇಲ್ಲವಾಗುವುದಿಲ್ಲ.

ಸತ್ತವರು ಉತ್ತರ ಕೊಡಲಾರರು ಎಂಬ ನಿಮ್ಮ ತಮ್ಮನ ಮಾತು ನಿಜವೇ. ಇಂಗ್ಲೆಂಡಿನ ಕಾನೂನಿನಲ್ಲಿ ಸತ್ತವರ ಪರವಾಗಿ ಮಾನನಷ್ಟದ ದಾವೆ ಹೂಡಲು ಬರುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಂ ಮಾತ್ರ, ಬದುಕಿರುವ ಬಂಧುಗಳ ಭಾವನೆಗೆ ನೋವುಂಟುಮಾಡುವ ಉದ್ದೇಶವಿದ್ದರೆ ಸತ್ತವರ ಮೇಲಿನ ಆರೋಪವೂ ಮಾನಹಾನಿ ಆಗಬಹುದೆಂದು ಹೇಳುತ್ತದೆ. ಕಾನೂನು ದೇಶಕ್ಕೊಂದು ಬಗೆ. ಆದರೆ ಬರಹಗಾರರ ಹೊಣೆ ಎಲ್ಲೆಡೆಯೂ ಒಂದೇ: ಉತ್ತರ ಕೊಡಲಾಗದವರ ಪರವಾಗಿ ಹೇಳಬೇಕಾದದ್ದು ಏನಾದರೂ ಇದ್ದರೆ ಅದನ್ನು ಬಚ್ಚಿಡಬಾರದು. ಕುಡಿಯದ ದಿನ ನಿಮ್ಮ ಅಪ್ಪ ಹೇಗಿರುತ್ತಿದ್ದರು, ಮರುದಿನ ಬೆಳಿಗ್ಗೆ ನಿಮ್ಮ ಮುಖ ನೋಡುತ್ತಿದ್ದರೇ ಇಲ್ಲವೇ ಎಂಬುದು ನಿಮಗೆ ನೆನಪಿದ್ದರೆ ಅದೂ ಬರಲಿ. ಅವರನ್ನು ಕ್ಷಮಿಸಿ ಎಂದು ನಾನು ಹೇಳುತ್ತಿಲ್ಲ. ಒಂದೇ ಬಣ್ಣದ ಮನುಷ್ಯನನ್ನು ಓದುಗರು ನಂಬುವುದಿಲ್ಲ.

ಇನ್ನು ಅಮ್ಮ. ಪತ್ರದ ಜೊತೆ ನೀವು ಕಳುಹಿಸಿರುವ ಪುಟದಲ್ಲಿ ಒಂದು ವಾಕ್ಯ ಹೀಗಿದೆ: ‘ಅಮ್ಮ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ನೋಡುತ್ತಿದ್ದರು, ಅವರಿಗೆ ನಮ್ಮ ನೋವು ನೋವೇ ಆಗಿರಲಿಲ್ಲ.’ ಇದರ ಮೊದಲ ಅರ್ಧ ನೀವು ಕಣ್ಣಾರೆ ಕಂಡದ್ದು. ಎರಡನೆಯ ಅರ್ಧ ನಿಮ್ಮ ಊಹೆ, ಅದೂ ಪೆಟ್ಟು ತಿನ್ನುತ್ತಿದ್ದ ಮಗುವಿನ ಊಹೆ. ಒಬ್ಬರ ಮನಸ್ಸಿನೊಳಗೆ ಏನಿತ್ತೆಂದು ತೀರ್ಪು ಕೊಡುವ ಇಂಥ ವಾಕ್ಯಗಳು ಬದುಕಿರುವವರನ್ನು ಎಲ್ಲಕ್ಕಿಂತ ಹೆಚ್ಚು ಇರಿಯುತ್ತವೆ. ಪುಸ್ತಕಕ್ಕೆ ಅವುಗಳಿಂದ ಆಗುವ ಲಾಭ ಎಲ್ಲಕ್ಕಿಂತ ಕಡಿಮೆ. ‘ಅಮ್ಮ ಬಾಗಿಲ ಹತ್ತಿರ ನಿಂತಿರುತ್ತಿದ್ದರು. ಅವರು ಒಳಗೆ ಬರಲಿಲ್ಲ. ಯಾಕೆ ಬರಲಿಲ್ಲವೆಂದು ನಾನು ಇವತ್ತಿನವರೆಗೂ ಕೇಳಿಲ್ಲ’ ಎಂದು ಬರೆದು ನೋಡಿ. ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ, ನಿಮ್ಮ ನೋವೂ ಕರಗಿಲ್ಲ, ಅಮ್ಮನಿಗೆ ಬಾಯಿ ತೆರೆಯಲು ಒಂದು ಜಾಗವೂ ಸಿಕ್ಕಿದೆ. ಬಾಗಿಲು ದಾಟಿದರೆ ಅವರಿಗೂ ಪೆಟ್ಟು ಬೀಳುತ್ತಿತ್ತೇನೋ; ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಅವರಿಗೆ ಗೊತ್ತು.

ಆದ್ದರಿಂದ ಅವರ ಬಗ್ಗೆ ಬರೆದ ಪುಟಗಳನ್ನು ಅಚ್ಚಿಗೆ ಕೊಡುವ ಮೊದಲು ಅವರಿಗೆ ಕೊಡಿ. ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ ಕೊಡಿ. ನೀವೇ ಓದಿ ಹೇಳುವುದು ಬೇಡ. ಎದುರು ಕುಳಿತು ಅವರ ಮುಖವನ್ನು ನೋಡುತ್ತಿರುವುದೂ ಬೇಡ, ಏಕೆಂದರೆ ಆಗ ಅವರು ಓದುವುದನ್ನು ಬಿಟ್ಟು ನಿಮ್ಮನ್ನು ಸಮಾಧಾನಪಡಿಸುವ ಕೆಲಸಕ್ಕೆ ತೊಡಗುತ್ತಾರೆ. ಕೆಲವು ದಿನ ಬಿಟ್ಟು ಕೇಳಿ. ಅವರು ತಪ್ಪೆಂದು ತೋರಿಸಿದ ಸಂಗತಿಗಳನ್ನು ತಿದ್ದಿಕೊಳ್ಳಿ; ‘ಇದನ್ನು ಹೇಳಬೇಡ’ ಎಂದದ್ದನ್ನು ಬಿಡಬೇಕೋ ಇರಿಸಬೇಕೋ ಎಂಬುದನ್ನು ನೀವು ನಿರ್ಧರಿಸಿ. ಓದಲು ಕೊಡುವುದೆಂದರೆ ಕತ್ತರಿಯನ್ನು ಅವರ ಕೈಗೆ ಕೊಡುವುದಲ್ಲ ಎಂದು ಮೊದಲೇ ಸ್ಪಷ್ಟಪಡಿಸಿದರೆ ಇಬ್ಬರಿಗೂ ಒಳಿತು.

ಅಕ್ಕನ ವಿಷಯದಲ್ಲಿ ಮಾತ್ರ ಕತ್ತರಿ ಅವರ ಕೈಯಲ್ಲಿಯೇ ಇರಬೇಕು. ಕಾಯಿಲೆ ಅವರದು, ಅದನ್ನು ಯಾರಿಗೆ ಹೇಳಬೇಕೆಂಬುದೂ ಅವರದು. ಪುಸ್ತಕ ಹೊರಬಂದ ಮರುದಿನ ನೀವು ಲೇಖಕಿಯಾಗಿ ಎದ್ದರೆ, ಅವರು ಗಂಡನ ಮನೆಯಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಏಳಬೇಕಾಗುತ್ತದೆ. ಅವರ ಚಿಕಿತ್ಸೆಯ ಭಾಗವನ್ನು ತೆಗೆದು ಓದಿ ನೋಡಿ. ನಿಮ್ಮ ಕಥೆ ನಿಲ್ಲುತ್ತದೆ ಎಂದೇ ನನ್ನ ಅಂದಾಜು. ನಿಲ್ಲದಿದ್ದರೆ ಅವರನ್ನು ಕೇಳಿ, ‘ಬೇಡ’ ಎಂದರೆ ಬಿಟ್ಟುಬಿಡಿ. ಇಲ್ಲಿ ಚೌಕಾಸಿ ಸಲ್ಲದು.

ತಮ್ಮನಿಗೆ ಕೊಡಬೇಕಾದದ್ದು ಅಪ್ಪಣೆ ಕೇಳುವ ಗೌರವವನ್ನಲ್ಲ, ಕೇಳಿಸಿಕೊಳ್ಳುವ ಗೌರವವನ್ನು. ಒಂದೇ ಮನೆಯಲ್ಲಿ ಬೆಳೆದ ಮಕ್ಕಳಿಗೆ ಒಬ್ಬನೇ ಅಪ್ಪ ಸಿಕ್ಕಿರುವುದಿಲ್ಲ. ಹಿರಿಯ ಮಗಳು ಕಂಡ ಮನುಷ್ಯನೇ ಬೇರೆ, ವಯಸ್ಸಾಗಿ ಕೈ ಸೋತ ಮೇಲೆ ಕಿರಿಯ ಮಗ ಕಂಡ ಮನುಷ್ಯನೇ ಬೇರೆ. ಅವನು ಕಾಪಾಡಲು ನೋಡುತ್ತಿರುವುದು ಮನೆಯ ಮಾನವನ್ನೋ, ತನ್ನ ಪಾಲಿಗೆ ಉಳಿದಿರುವ ಅಪ್ಪನನ್ನೋ ಎಂದು ಕೇಳಿ ತಿಳಿದುಕೊಳ್ಳಿ. ಅವನ ನೆನಪು ನಿಮ್ಮದಕ್ಕಿಂತ ಭಿನ್ನವಾಗಿದೆಯೆಂದು ಪುಸ್ತಕದಲ್ಲಿ ಒಂದು ಸಾಲು ಬರೆಯಲು ಸಾಧ್ಯವಾದರೆ ಪುಸ್ತಕದ ತೂಕ ಹೆಚ್ಚುತ್ತದೆ.

ನಿಮ್ಮ ಗೆಳತಿಗೆ ಆದದ್ದು ಇಂಥ ಬರಹಗಳಿಂದ ಆಗಬಹುದಾದ ಅತ್ಯುತ್ತಮ ಪರಿಣಾಮ, ಅದರಲ್ಲಿ ಸಂಶಯವಿಲ್ಲ. ಪ್ರಕಟಣೆಯ ಬಳಿಕ ಅಪರಿಚಿತರೂ ಹಾಗೆಯೇ ನಿಮ್ಮ ಬಳಿ ಬರುತ್ತಾರೆ, ತಮ್ಮ ಮನೆಯ ಕಥೆಗಳನ್ನು ಉದ್ದುದ್ದ ಬರೆದು ಕಳುಹಿಸುತ್ತಾರೆ. ಅವರೆಲ್ಲರ ಭಾರ ಹೊರಲು ನೀವು ವೈದ್ಯರಲ್ಲ. ಒಂದು ಒಳ್ಳೆಯ ಮಾತು, ನುರಿತವರ ನೆರವು ಪಡೆಯಿರೆಂಬ ಒಂದು ಸಲಹೆ ಸಾಕು.

ಪ್ರಶ್ನೆ: ನನ್ನ ದಾಯಾದಿ ಅಣ್ಣ ತನ್ನ ಆತ್ಮಕಥೆ ಪ್ರಕಟಿಸಿದ್ದಾನೆ. ನಾವಿಬ್ಬರೂ ಒಮ್ಮೆ ಪಾಲುದಾರಿಕೆಯಲ್ಲಿ ವ್ಯಾಪಾರ ಮಾಡುತ್ತಿದ್ದೆವು. ‘ನನ್ನ ಸ್ವಂತದವನೊಬ್ಬ ಲೆಕ್ಕ ತಿರುಚಿ ನನ್ನನ್ನು ಹೊರಹಾಕಿದ’ ಎಂದು ಬರೆದಿದ್ದಾನೆ. ಹೆಸರು ಹೇಳಿಲ್ಲ, ಆದರೆ ಅದು ನಾನೇ ಎಂದು ಬಂಧುಬಳಗಕ್ಕೆಲ್ಲ ಗೊತ್ತು. ಮಕ್ಕಳು ನನ್ನನ್ನು ಕೇಳುತ್ತಿದ್ದಾರೆ. ನಡೆದದ್ದು ಹಾಗಲ್ಲ. ನನಗೆ ಏನು ದಾರಿ?

ಉತ್ತರ: ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನೀವು ಬರೆದಿಲ್ಲ, ‘ನಡೆದದ್ದು ಹಾಗಲ್ಲ’ ಎಂದು ಬರೆದಿದ್ದೀರಿ. ಆ ಎಚ್ಚರವನ್ನು ಕೊನೆಯವರೆಗೂ ಉಳಿಸಿಕೊಳ್ಳಿ. ನೆನಪು ಬೀರುವಿನಲ್ಲಿಟ್ಟ ಕಡತವಲ್ಲ, ಪ್ರತಿ ಸಲ ತೆರೆದಾಗಲೂ ಅದನ್ನು ಹೊಸದಾಗಿ ಕಟ್ಟುತ್ತೇವೆ ಎಂಬುದನ್ನು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿಯೇ ವಿಸ್ತಾರವಾಗಿ ತೋರಿಸಿದ್ದರು. 1974ರಲ್ಲಿ ಅಮೆರಿಕದ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕೆಲವರಿಗೆ ವಾಹನ ಅಪಘಾತದ ಚಿತ್ರ ತೋರಿಸಿ, ಕಾರುಗಳ ವೇಗ ಎಷ್ಟಿತ್ತೆಂದು ಕೇಳಿದರು. ‘ಒಂದಕ್ಕೊಂದು ತಾಗಿದಾಗ’ ಎಂಬಂಥ ಮೆದುವಾದ ಪ್ರಶ್ನೆ ಕೇಳಿಸಿಕೊಂಡವರಿಗಿಂತ, ‘ಅಪ್ಪಳಿಸಿದಾಗ’ ಎಂಬ ಪ್ರಶ್ನೆ ಕೇಳಿಸಿಕೊಂಡವರು ಹೆಚ್ಚಿನ ವೇಗವನ್ನು ಹೇಳಿದರು. ಒಂದು ವಾರದ ಬಳಿಕ, ಚಿತ್ರದಲ್ಲಿ ಇಲ್ಲವೇ ಇಲ್ಲದ ಒಡೆದ ಗಾಜನ್ನು ಕಂಡೆವೆಂದು ಹೇಳಿದವರೂ ಈ ಗುಂಪಿನಲ್ಲಿಯೇ ಹೆಚ್ಚಿದ್ದರು. ‘ಮೋಸಹೋದೆ’ ಎಂಬ ಮಾತನ್ನು ವರ್ಷಗಟ್ಟಲೆ ತಮಗೆ ತಾವೇ ಹೇಳಿಕೊಂಡವರು ಲೆಕ್ಕದ ಪುಸ್ತಕದಲ್ಲಿ ಇಲ್ಲದ ಸಾಲನ್ನೂ ನೆನಪಿಸಿಕೊಳ್ಳಬಲ್ಲರು. ನಿಮ್ಮ ನೆನಪಿಗೂ ಇದೇ ಮಾತು ಅನ್ವಯಿಸುತ್ತದೆ ಎಂದರೆ ಬೇಸರಪಡಬೇಡಿ.

ಆದ್ದರಿಂದ ಮೊದಲು ಕಾಗದಪತ್ರ ಹುಡುಕಿ. ಪಾಲುದಾರಿಕೆ ಮುರಿದಾಗ ಮಾಡಿಕೊಂಡ ಕರಾರು, ಬ್ಯಾಂಕಿನ ದಾಖಲೆ ಏನಿದೆಯೋ ಅದನ್ನು ಎದುರಿಗಿಟ್ಟುಕೊಂಡು, ಪುಸ್ತಕದಲ್ಲಿ ಸಂಗತಿಯ ತಪ್ಪು ಯಾವುದು, ಅವರ ಅಭಿಪ್ರಾಯ ಯಾವುದು ಎಂದು ಬೇರ್ಪಡಿಸಿ. ‘ಲೆಕ್ಕ ತಿರುಚಿದ’ ಎಂಬುದು ಸಂಗತಿ, ಅದನ್ನು ದಾಖಲೆ ತೋರಿಸಿ ಅಲ್ಲಗಳೆಯಬಹುದು. ‘ನನ್ನನ್ನು ಹೊರಗಿನವನಂತೆ ಕಂಡ’ ಎಂಬಂಥ ಮಾತಿದ್ದರೆ ಅದು ಅವರಿಗೆ ಅನಿಸಿದ್ದು. ಅದನ್ನು ಅಲ್ಲಗಳೆಯಲು ಯಾರಿಂದಲೂ ಆಗದು. ಮೊದಲನೆಯದನ್ನು ಮಾತ್ರ ಹಿಡಿದು ಅಣ್ಣನಿಗೆ ಚಿಕ್ಕದೊಂದು ಪತ್ರ ಬರೆಯಿರಿ, ಮುಂದಿನ ಮುದ್ರಣದಲ್ಲಿ ತಿದ್ದುವಂತೆ ಕೇಳಿ, ಅದರ ಒಂದು ಪ್ರತಿಯನ್ನು ಪ್ರಕಾಶಕರಿಗೂ ಕಳುಹಿಸಿ.

ನ್ಯಾಯಾಲಯದ ದಾರಿ ಇಲ್ಲವೆಂದಲ್ಲ. ಕೆನಡಾದ ಗಾಯಕಿ ಲೊರೀನಾ ಮೆಕೆನಿಟ್ ಅವರ ಬಗ್ಗೆ ಹಳೆಯ ಗೆಳತಿಯೊಬ್ಬರು ಪುಸ್ತಕ ಬರೆದಾಗ, ಇದು ತನ್ನದೂ ಅನುಭವ, ಹೇಳಲು ತನಗೂ ಹಕ್ಕಿದೆ ಎಂಬ ಲೇಖಕಿಯ ವಾದವನ್ನು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2006ರಲ್ಲಿ ಒಪ್ಪಲಿಲ್ಲ. ನಂಬಿಕೆಯಿಂದ ಹಂಚಿಕೊಂಡ ಖಾಸಗಿ ಸಂಗತಿಗಳು ಜೊತೆಗಿದ್ದವರ ಸೊತ್ತಾಗುವುದಿಲ್ಲ ಎಂಬುದು ಅದರ ನಿಲುವಾಗಿತ್ತು. ಹಾಗಿದ್ದರೂ ನಿಮ್ಮ ಪ್ರಕರಣದಲ್ಲಿ ನಾನು ಆ ದಾರಿಯನ್ನು ಸೂಚಿಸಲಾರೆ. ಇಂದು ಬಂಧುಬಳಗಕ್ಕಷ್ಟೇ ತಿಳಿದಿರುವ ಗುರುತು ದಾವೆ ಹೂಡಿದ ದಿನ ಎಲ್ಲರಿಗೂ ತಿಳಿಯುತ್ತದೆ, ಅಣ್ಣನ ಪುಸ್ತಕಕ್ಕೆ ಹೊಸ ಓದುಗರೂ ಸಿಗುತ್ತಾರೆ.

ಇನ್ನೊಂದು ದಾರಿ ಹಳೆಯದು. ಜಿನೀವಾದಲ್ಲಿ ಹುಟ್ಟಿದ ಲೇಖಕ ರೂಸೋ ತನ್ನ ಆತ್ಮಕಥನವನ್ನು ಅಚ್ಚಿಗೆ ಮೊದಲೇ ಪ್ಯಾರಿಸಿನ ಕೆಲವು ಮನೆಗಳಲ್ಲಿ ಓದತೊಡಗಿದಾಗ, ಅವನಿಗೆ ಒಂದು ಕಾಲದಲ್ಲಿ ಆಶ್ರಯ ಕೊಟ್ಟಿದ್ದ ಮದಾಂ ದೆಪಿನೇ 1771ರಲ್ಲಿ ಪೊಲೀಸ್ ಮುಖ್ಯಸ್ಥರಿಗೆ ದೂರು ಕೊಟ್ಟು ಆ ವಾಚನಗಳನ್ನು ನಿಲ್ಲಿಸಿದಳು. ಅಷ್ಟರಿಂದ ಆ ಪುಸ್ತಕ ನಿಲ್ಲಲಿಲ್ಲ. ಅವನ ಮರಣದ ಬಳಿಕ ಹೊರಬಂದು ಜಗತ್ತೆಲ್ಲ ಓದಿತು. ಆದರೆ ಅವಳೂ ತನ್ನ ಕಡೆಯ ಕಥೆಯನ್ನು ಬರೆದಿಟ್ಟಿದ್ದಳು. ಅದು 1818ರಲ್ಲಿ ಪ್ರಕಟವಾಯಿತು, ಮುಂದಿನವರು ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರು. ಅವಳ ಬರಹದಲ್ಲಿಯೂ ಸೇಡಿನ ಘಾಟು ಸಾಕಷ್ಟಿದೆ, ಅದು ಬೇರೆ ಮಾತು. ನೀವೂ ಬರೆಯಿರಿ; ಪುಸ್ತಕವೇ ಆಗಬೇಕಿಲ್ಲ. ಮಕ್ಕಳು ಕೇಳುತ್ತಿದ್ದಾರೆ ಎಂದಿರಲ್ಲ, ಅವರಿಗಾಗಿ ನಾಲ್ಕು ಪುಟ ಬರೆದು, ದಾಖಲೆಗಳ ನಕಲನ್ನು ಜೊತೆಗಿಟ್ಟು ಕೊಡಿ. ಅಣ್ಣನಿಗೆ ನಿಮ್ಮಿಂದ ಆಗಿರಬಹುದಾದ ಯಾವುದಾದರೂ ಅನ್ಯಾಯ ನೆನಪಾದರೆ ಅದನ್ನೂ ಸೇರಿಸಿ. ಮಕ್ಕಳು ಆಗ ಉಳಿದದ್ದನ್ನೂ ನಂಬುತ್ತಾರೆ.

ಪ್ರಶ್ನೆ: ತಾಯ್ತನದ ಅನುಭವಗಳನ್ನು ಬರೆಯುತ್ತಿದ್ದೇನೆ. ಮಗನಿಗೆ 9 ವರ್ಷ. ಅವನ ತೊದಲುಮಾತು, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಶಾಲೆಯಲ್ಲಿ ಅಳುವುದು ಎಲ್ಲವೂ ಅದರಲ್ಲಿದೆ. ಇಂಥದೇ ಕಷ್ಟದಲ್ಲಿರುವ ತಾಯಂದಿರಿಗೆ ಧೈರ್ಯ ಬರಲಿ ಎಂಬುದು ನನ್ನ ಆಸೆ. ಅವನನ್ನು ಕೇಳಿದೆ, ‘ಬರಿ’ ಎಂದ.

ಉತ್ತರ: ಅವನ ‘ಬರಿ’ ಎಂಬ ಮಾತನ್ನು ದಯವಿಟ್ಟು ಒಪ್ಪಿಗೆಯೆಂದು ಎಣಿಸಬೇಡಿ. ಅಮ್ಮನನ್ನು ಸಂತೋಷಪಡಿಸಲು 9 ವರ್ಷದ ಹುಡುಗ ಏನನ್ನಾದರೂ ಒಪ್ಪುತ್ತಾನೆ. ಅವನಿಗೆ 15 ವರ್ಷವಾದಾಗ ಸಹಪಾಠಿಯ ಕೈಗೆ ಆ ಪುಟ ಸಿಕ್ಕಿದರೆ ಉತ್ತರ ಕೊಡಬೇಕಾದವನು ನಿಮ್ಮ ಮಗನೇ. ಎ. ಎ. ಮಿಲ್ನ್ ಎಂಬ ಇಂಗ್ಲಿಷ್ ಲೇಖಕ ತನ್ನ ಮಗ ಕ್ರಿಸ್ಟೋಫರ್ ರಾಬಿನ್‌ನ ಹೆಸರನ್ನೇ ಇಟ್ಟು ಮಕ್ಕಳ ಪದ್ಯ, ಕಥೆಗಳನ್ನು ಬರೆದಿದ್ದ; ಅವು ಆತ್ಮಕಥನವಲ್ಲ, ಅವುಗಳಲ್ಲಿ ಅವಮಾನದ ಒಂದು ಮಾತೂ ಇರಲಿಲ್ಲ, ಇದ್ದದ್ದು ಬರೀ ಅಕ್ಕರೆ. ಆದರೂ ವಸತಿ ಶಾಲೆಯಲ್ಲಿ ಹುಡುಗರು ಅವನನ್ನು ಆ ಪದ್ಯಗಳಿಂದಲೇ ಗೇಲಿ ಮಾಡಿದರು. 1974ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ಆತ, ತಂದೆ ತನ್ನ ಎಳೆಯ ಹೆಗಲನ್ನೇರಿ ಮೇಲೆ ಹೋದರೆಂಬ ಭಾವನೆ ಒಂದು ಕಾಲದಲ್ಲಿ ತನ್ನನ್ನು ಕಾಡಿತ್ತೆಂಬ ಅರ್ಥದ ಮಾತುಗಳನ್ನು ಬರೆದ. ಅಕ್ಕರೆಯ ಬರಹದ ಪರಿಣಾಮವೇ ಹೀಗಿದ್ದರೆ ಒದ್ದೆ ಹಾಸಿಗೆಯ ವಿವರದ ಪರಿಣಾಮವನ್ನು ನೀವೇ ಊಹಿಸಿ. ಆ ತಾಯಂದಿರಿಗೆ ಬೇಕಾಗಿರುವುದು ನಿಮ್ಮ ಮಗನ ಗುಟ್ಟುಗಳಲ್ಲ. ನಿದ್ದೆಗೆಟ್ಟ ರಾತ್ರಿಗಳಲ್ಲಿ ನಿಮಗೆ ಬಂದ ಸಿಟ್ಟು, ಇತರ ತಾಯಂದಿರ ಎದುರು ನಿಮಗಾದ ನಾಚಿಕೆ, ವೈದ್ಯರ ಬಳಿ ಹೋಗಲು ನೀವು ಹಿಂಜರಿದದ್ದು ಇವೆಲ್ಲ ನಿಮ್ಮವು, ಧಾರಾಳವಾಗಿ ಬರೆಯಿರಿ.

ಪ್ರಶ್ನೆ: ಹಿಂದೊಮ್ಮೆ ನಾನು ಆತ್ಮಹತ್ಯೆಗೆ ಪ್ರಯತ್ನಿಸಿದ್ದೆ. ಈಗ ಚೆನ್ನಾಗಿದ್ದೇನೆ. ಅದನ್ನು ಬರೆದರೆ ಓದುವವರಿಗೆ ಒಳ್ಳೆಯದಾಗುತ್ತದೆಯೋ ಕೆಟ್ಟದಾಗುತ್ತದೆಯೋ ಎಂಬ ಭಯವಿದೆ.

ಉತ್ತರ: ನಿಮ್ಮ ಭಯ ಸರಿಯಾದದ್ದು, ಆದರೆ ಅದು ಬರೆಯದಿರುವುದಕ್ಕೆ ಕಾರಣವಾಗಬೇಕಿಲ್ಲ. ಎರಡೂ ಸಾಧ್ಯ, ಯಾವುದಾಗುತ್ತದೆ ಎಂಬುದು ಬರೆಯುವ ಬಗೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ. ಆತ್ಮಹತ್ಯೆಯನ್ನು ವಿವರವಾಗಿ, ರೋಚಕವಾಗಿ ವರ್ಣಿಸುವ ಬರಹಗಳಿಂದ ಅನುಕರಣೆಯ ಅಪಾಯ ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳನ್ನು ಬಹಳ ಕಾಲದಿಂದ ಎಚ್ಚರಿಸುತ್ತ ಬಂದಿದೆ. ಇನ್ನೊಂದು ಕಡೆ, ಆಸ್ಟ್ರಿಯಾದ ಸಂಶೋಧಕ ಥಾಮಸ್ ನೀಡರ್‌ಕ್ರೊಟೆಂಥಾಲರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಯುವ ಯೋಚನೆ ಬಂದರೂ ಅದನ್ನು ದಾಟಿ ಬದುಕಿದವರ ಬಗೆಗಿನ ವರದಿಗಳು ಬಂದ ಬಳಿಕ ಆತ್ಮಹತ್ಯೆಗಳು ಕಡಿಮೆಯಾದದ್ದು ಕಂಡುಬಂದಿತು.

ಇದರಿಂದ ಬರಹಗಾರರಿಗೆ ಸಿಗುವ ತಿಳಿವಳಿಕೆ ನೇರವಾಗಿದೆ. ವಿಧಾನ ಯಾವುದು, ಸಾಧನ ಎಲ್ಲಿ ಸಿಕ್ಕಿತು, ಸ್ಥಳ ಯಾವುದು ಎಂಬುದನ್ನು ಬರೆಯಲೇಬೇಡಿ. ಅವಿಲ್ಲದೆಯೂ ಆ ದಿನದ ಕತ್ತಲನ್ನು ಹೇಳಬಹುದು. ಒಂದೇ ಕಾರಣವನ್ನು ಮುಂದೆ ಮಾಡಬೇಡಿ, ಏಕೆಂದರೆ ಅದೇ ಕಾರಣವಿರುವ ಓದುಗರು ತಮಗೂ ಅದೇ ದಾರಿ ಎಂದುಕೊಳ್ಳಬಾರದು. ಮೇಲಾಗಿ ಕಾರಣವೆಂದು ನೀವು ಹೆಸರಿಸಿದ ವ್ಯಕ್ತಿ ಆ ಅಪವಾದವನ್ನು ಬದುಕಿನುದ್ದಕ್ಕೂ ಹೊರಬೇಕಾಗುತ್ತದೆ. ಇಂಥ ಹಸ್ತಪ್ರತಿಗಳಲ್ಲಿ ನಾನು ಸಾಮಾನ್ಯವಾಗಿ ಕಾಣುವ ಕೊರತೆಯೆಂದರೆ, ಬಿದ್ದದ್ದಕ್ಕೆ ಮೂವತ್ತು ಪುಟವಿದ್ದರೆ ಎದ್ದದ್ದಕ್ಕೆ ಒಂದು ಪುಟವೂ ಇರುವುದಿಲ್ಲ. ಮೊದಲು ಯಾರಿಗೆ ಬಾಯಿಬಿಟ್ಟು ಹೇಳಿದಿರಿ, ಅವರು ಏನು ಮಾಡಿದರು, ಔಷಧ ಹಿಡಿಸಲು ಎಷ್ಟು ಕಾಲ ಬೇಕಾಯಿತು, ಮತ್ತೆ ಅದೇ ಯೋಚನೆ ಬಂದಾಗ ಏನು ಮಾಡುತ್ತೀರಿ ಎಂಬ ಬೇಸರದ, ದಿನನಿತ್ಯದ ವಿವರಗಳೇ ಓದುಗರಿಗೆ ಉಪಯೋಗಕ್ಕೆ ಬರುವಂಥವು. ಅವನ್ನು ಬರೆಯುವಾಗ ನಿಮ್ಮ ವೈದ್ಯರಿಗೆ ವಿಷಯ ತಿಳಿಸಿರಿ, ಬರೆದು ಎದ್ದ ದಿನ ಒಬ್ಬರೇ ಇರಬೇಡಿ.

ಪ್ರಶ್ನೆ: ಹೆಸರು ಬದಲಿಸಿದರೆ ಸಾಲದೇ? ಇಲ್ಲವಾದರೆ, ಸಂಬಂಧಪಟ್ಟವರೆಲ್ಲ ತೀರಿಹೋದ ಮೇಲೆ ಪ್ರಕಟವಾಗಲೆಂದು ಬರೆದಿಡುವುದು ಒಳ್ಳೆಯದಲ್ಲವೇ?

ಉತ್ತರ: ಹೆಸರು ಬದಲಿಸಿದರೆ ಅಪರಿಚಿತರಿಗೆ ಗುರುತು ಸಿಗುವುದಿಲ್ಲ, ಪರಿಚಿತರಿಗೆ ಸಿಕ್ಕೇ ಸಿಗುತ್ತದೆ, ನೋಯುವುದು ಪರಿಚಿತರ ನಡುವೆಯೇ. ಉದ್ಯೋಗ, ವಯಸ್ಸು, ಚಹರೆಯನ್ನೂ ಬದಲಿಸಿದರೆ ಒಂದಿಷ್ಟು ಪ್ರಯೋಜನವಿದೆ, ಆದರೆ ಹಾಗೆ ಬದಲಿಸಿರುವುದನ್ನು ಓದುಗರಿಗೆ ಪುಸ್ತಕದ ಆರಂಭದಲ್ಲಿಯೇ ತಿಳಿಸಬೇಕು. ಅಪ್ಪನಿಗೆ, ಗಂಡನಿಗೆ, ಅತ್ತೆಗೆ ಬೇರೆ ಹೆಸರಿಟ್ಟು ಏನೂ ಫಲವಿಲ್ಲ.

ಕಾಯುವುದರ ಬಗ್ಗೆ: ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ತನ್ನ ಆತ್ಮಕಥೆ ಪೂರ್ಣವಾಗಿ ಹೊರಬರುವುದು ತಾನು ಸತ್ತು ನೂರು ವರ್ಷವಾದ ಮೇಲೆ ಎಂದು ಬಯಸಿದ್ದ. ಅವನು ತೀರಿಕೊಂಡದ್ದು 1910ರಲ್ಲಿ. ಕೆಲವು ಭಾಗಗಳು ನಡುವೆ ಬಂದಿದ್ದರೂ ಸಮಗ್ರ ಪಠ್ಯದ ಮೊದಲ ಸಂಪುಟ ಪ್ರಕಟವಾದದ್ದು 2010ರಲ್ಲಿಯೇ. ಅಷ್ಟು ಕಾಲ ಕಾದರೆ ಯಾರಿಗೂ ನೋವಾಗುವುದಿಲ್ಲ. ಹಾಗೆಯೇ, ನಿಮ್ಮ ಮಾತನ್ನು ತಿದ್ದಬಲ್ಲವರೂ ಅದರಿಂದ ಧೈರ್ಯ ಪಡೆಯಬಹುದಾಗಿದ್ದವರೂ ಉಳಿದಿರುವುದಿಲ್ಲ. ಆದ್ದರಿಂದ ಎಲ್ಲವನ್ನೂ ಕಾಯ್ದಿಡುವ ಬದಲು, ಬದುಕಿರುವವರೊಬ್ಬರ ಅನ್ನಕ್ಕೆ, ಸಂಸಾರಕ್ಕೆ, ಸುರಕ್ಷತೆಗೆ ಕುತ್ತು ತರಬಲ್ಲ ಭಾಗಗಳನ್ನು ಮಾತ್ರ ಬೇರೆ ತೆಗೆದಿಡಿ, ಉಳಿದದ್ದನ್ನು ಈಗಲೇ ಪ್ರಕಟಿಸಿ. ತೆಗೆದಿಟ್ಟ ಭಾಗದ ಮೇಲೆ ಅದನ್ನು ಯಾರು ತೆರೆಯಬಹುದು, ಯಾರು ತೀರಿಕೊಂಡ ಮೇಲೆ ತೆರೆಯಬೇಕು, ಸುಡುವ ಅಧಿಕಾರ ಯಾರಿಗಾದರೂ ಇದೆಯೇ ಎಂಬುದನ್ನು ಸ್ಪಷ್ಟವಾಗಿ ಬರೆದು ಸಹಿ ಹಾಕಿ, ವಿಷಯವನ್ನು ಆ ವ್ಯಕ್ತಿಗೆ ಈಗಲೇ ತಿಳಿಸಿರಿ. ಇದನ್ನು ಮಾಡದಿದ್ದರೆ, ನಿಮ್ಮಿಂದ ತೀರ್ಮಾನಿಸಲು ಆಗದೇ ಹೋದದ್ದನ್ನು ನಿಮ್ಮ ಮಕ್ಕಳು ತೀರ್ಮಾನಿಸಬೇಕಾಗುತ್ತದೆ, ಅದೂ ನಿಮ್ಮನ್ನು ಒಂದು ಮಾತು ಕೇಳಲು ಅವಕಾಶವಿಲ್ಲದ ಹೊತ್ತಿನಲ್ಲಿ.